ಬಳಕೆಯ ಹೆಸರು

ಇಕುನೊ, ಒಸಾಕಾ
ನವೆಂಬರ್ 20, 2018

ಮಗಳು ಹ್ಯಾಂಗ್ಮಿಗೆ ತಂದೆಯ ಆಶೀರ್ವಾದಗಳು.

ನೀನು, ನಿನ್ನ ಗಂಡ ಶಿರಾಯಿ, ಹೊಸದಾಗಿ ಮನೆಗೆ ಬಂದಿರುವ ಕೂಸು, ಮೂವರೂ ಕ್ಷೇಮವೆಂದು ಭಾವಿಸುತ್ತೇನೆ. ಮೊರಿಯೊಕಾದಲ್ಲಿ ಇಷ್ಟು ಹೊತ್ತಿಗೆ ಮೊದಲ ಹಿಮ ಬಿದ್ದಿರಬೇಕು. ಬಾಣಂತಿ ತಣ್ಣೀರಿಗೆ ಕೈ ಹಾಕಬಾರದೆಂದು ಬರೆಯಲು ನಿನ್ನ ಅಮ್ಮ ಹೇಳಿದ್ದಾಳೆ. ಒಣಗಿಸಿದ ಕಡಲ ಪಾಚಿಯ ಕಟ್ಟೊಂದನ್ನು ಅಂಚೆಗೆ ಹಾಕಿದ್ದೇವೆ. ಅದರ ಸಾರನ್ನು ನಿನ್ನ ಅತ್ತೆಯವರು ನಮ್ಮ ಹದಕ್ಕೆ ಮಾಡಲಾರರು, ಆದ್ದರಿಂದ ಶಿರಾಯಿಗೇ ಕಲಿಸು ಎಂಬುದು ಅವಳ ಮಾತು. ಅವಳು ನನ್ನೊಡನೆ ಈಗ ಆಡುವುದು ಇಂಥ ಮಾತುಗಳನ್ನು ಮಾತ್ರ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಉಳಿದೆ. ಕ್ಷಮಿಸು. ಹೆರಿಗೆಯಾಗುವ ತನಕ ನಿನಗೆ ಏನನ್ನೂ ವಿವರವಾಗಿ ತಿಳಿಸಕೂಡದೆಂದು ನಿನ್ನ ವೈದ್ಯರು ಶಿರಾಯಿಗೆ ಹೇಳಿದ್ದರು, ಶಿರಾಯಿ ನನಗೆ ಹೇಳಿದ್ದ. ಅಣ್ಣ ತೀರಿಕೊಂಡನೆಂಬ ಒಂದು ವಾಕ್ಯವನ್ನು ಬಿಟ್ಟು ನಿನಗೆ ಬೇರೇನೂ ತಲುಪಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಏಳಕೂಡದೆಂಬ ಕಟ್ಟಪ್ಪಣೆಯಲ್ಲಿದ್ದವಳು ಅಂತ್ಯಕ್ರಿಯೆಗೆ ಬರಲಾಗಲಿಲ್ಲವೆಂದು ಎರಡು ಪತ್ರಗಳಲ್ಲೂ ಕ್ಷಮೆ ಕೇಳಿರುವೆ. ಅದು ಅನಗತ್ಯ. ಹೆರಿಗೆಯಾದ ಮೇಲೂ ನಾನು ಬರೆಯದಿದ್ದುದಕ್ಕೆ ವೈದ್ಯರು ಹೊಣೆಯಲ್ಲ. ಅದು ನನ್ನದೇ ವಿಳಂಬ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಎರಡನೆಯ ಪತ್ರದಲ್ಲಿ ಒಂದು ಕೋರಿಕೆಯಿದೆ. ನಲವತ್ತೊಂಬತ್ತನೆಯ ದಿನಕ್ಕೆ ಅಣ್ಣನ ಅಸ್ಥಿಯನ್ನು ಇಕೊಮಾ ಬೆಟ್ಟದ ಸಮಾಧಿಯಲ್ಲಿ ಇಡುವಾಗ ಕಲ್ಲಿನ ಮೇಲೆ ಅವನ ಬಳಕೆಯ ಹೆಸರನ್ನು, ಅಂದರೆ ನೊಬುಹಾರಾ ಮೊಟೊಕಿ ಎಂದು, ಕೆತ್ತಿಸಬೇಕು ಎಂದಿರುವೆ. "ಅಣ್ಣ ಬದುಕಿದ್ದು ಆ ಹೆಸರಲ್ಲೇ ಅಲ್ವಾ ಅಬೊಜಿ, ಅವನನ್ನು ಹುಡುಕಿಕೊಂಡು ಬರುವವರು ಆ ಹೆಸರನ್ನೇ ಹುಡುಕುತ್ತಾರೆ" ಎಂಬುದು ನಿನ್ನ ವಾದ. ಕಲ್ಲು ಸಿದ್ಧವಾಗಿದೆ. ಸಮಾಧಿಯ ಕಲ್ಲು ಕೆತ್ತುವ ಉಎದಾ ಎರಡು ಬಾರಿ ಫೋನ್ ಮಾಡಿ ಯಾವ ಹೆಸರೆಂದು ಕೇಳಿದ್ದಾನೆ. ನಾನು ಇನ್ನೂ ಹೇಳಿಲ್ಲ. ಈ ಪತ್ರ ಮುಗಿಯುವುದರೊಳಗೆ ಹೇಳುವ ನಿರ್ಧಾರ ಮಾಡಿ ಬರೆಯಲು ಕುಳಿತಿದ್ದೇನೆ.

ನಾನು ಕ್ಯೋಟೋದ ಕಾಲೇಜಿನ ಚರ್ಚಾಕೂಟದಲ್ಲಿದ್ದಾಗ ನಮಗೊಂದು ನಿಯಮವಿತ್ತು. ವಾದ ಆರಂಭಿಸುವ ಮೊದಲು ಪದಗಳ ಅರ್ಥವನ್ನು ಇಬ್ಬರೂ ಒಪ್ಪಿಕೊಳ್ಳಬೇಕು. ಆದ್ದರಿಂದ ನಿನಗೆ ತಿಳಿದಿರುವುದನ್ನೇ ಹೇಳುತ್ತೇನೆ, ಬೇಸರಿಸಬೇಡ. ನನ್ನ ಅಪ್ಪ ಕೊರಿಯಾದ ಚೇಜು ದ್ವೀಪದಿಂದ ಹಡಗು ಹತ್ತಿ ಬಂದಾಗ ತಂದದ್ದು ಹ್ಯೋನ್ ಎಂಬ ಮನೆತನದ ಹೆಸರನ್ನು. ಈ ದೇಶದಲ್ಲಿ ಬಾಡಿಗೆಗೆ ಮನೆ ಬೇಕೆಂದರೆ, ಬ್ಯಾಂಕಿನವನು ತಲೆಯೆತ್ತಿ ನೋಡಬೇಕೆಂದರೆ, ಆ ಹೆಸರು ಸಾಲುತ್ತಿರಲಿಲ್ಲ. ವಾರ್ಡ್ ಕಚೇರಿಯಲ್ಲಿ ನೊಬುಹಾರಾ ಎಂಬ ಬಳಕೆಯ ಹೆಸರನ್ನು ನೋಂದಾಯಿಸಿಕೊಂಡರು. ಅದು ಕಳ್ಳಹೆಸರಲ್ಲ. ಸರಕಾರವೇ ಮುದ್ರೆಯೊತ್ತಿ ಕೊಟ್ಟದ್ದು, ಆಸ್ಪತ್ರೆಯ ವಿಮಾ ಚೀಟಿಯ ಮೇಲೆ ಬರುವಂಥದ್ದು, ಒಮ್ಮೆ ಬಿಟ್ಟುಕೊಟ್ಟರೆ ಮರಳಿ ಸಿಗುವುದು ದುಸ್ತರವಾದದ್ದು. ಎರಡು ತಲೆಮಾರು ಇಲ್ಲೇ ಹುಟ್ಟಿದರೂ ನಾವು ವಿದೇಶೀಯರಾಗಿಯೇ ಉಳಿದೆವು, ಆದ್ದರಿಂದ ಎರಡು ಹೆಸರುಗಳೂ ಉಳಿದವು. ನೀನು ಇಲ್ಲಿಯ ಪೌರತ್ವ ಪಡೆದ ದಿನ ನಿನ್ನ ಎರಡೂ ಹೆಸರುಗಳು ಹೋಗಿ ಮೂರನೆಯದೊಂದು ಬಂತು. ಅದನ್ನು ನಾನು ಆಗಲೂ ಆಕ್ಷೇಪಿಸಲಿಲ್ಲ, ಈಗಲೂ ಆಕ್ಷೇಪಿಸುವುದಿಲ್ಲ.

ನಮ್ಮ ಓಣಿಯ ಜನರ ವಾಡಿಕೆ ನಿನಗೆ ಗೊತ್ತು. ಬಾಡಿಗೆ ಮನೆಗೆ ಬಳಕೆಯ ಹೆಸರು, ಸಮಾಧಿಗೆ ಹುಟ್ಟಿನ ಹೆಸರು. ನನ್ನ ಚಪ್ಪಲಿ ಕಾರ್ಖಾನೆಯ ಬಾಗಿಲ ಮೇಲೆ ನೊಬುಹಾರಾ ಎಂದಿದ್ದರೂ ಅಪ್ಪನ ಶವವನ್ನು ಹೊತ್ತೊಯ್ದದ್ದು ಹ್ಯೋನ್ ಎಂಬ ಫಲಕದಡಿಯಿಂದ. ಓಣಿಯಲ್ಲಿ ಎಲ್ಲರಿಗೂ ಎಲ್ಲರ ಎರಡು ಹೆಸರುಗಳೂ ತಿಳಿದಿದ್ದವು, ಒಬ್ಬರೂ ದಾರಿ ತಪ್ಪಲಿಲ್ಲ.

ನಿನ್ನ ಅಣ್ಣ ಗಿಸುವಿಗೆ ಇಪ್ಪತ್ತು ತುಂಬಿದ ವರ್ಷ ನಾನೇ ಅವನನ್ನು ವಾರ್ಡ್ ಕಚೇರಿಗೆ ಕರೆದೊಯ್ದಿದ್ದೆ. ಬಳಕೆಯ ಹೆಸರನ್ನು ತೆಗೆಸಿಹಾಕು, ನಿನ್ನ ಪೀಳಿಗೆಗೆ ಅದರ ಅಗತ್ಯವಿಲ್ಲ, ಹೆದರುವವರು ಹೆದರಲಿ, ನೀನು ಹೆದರಬೇಡ ಎಂದು ಕಚೇರಿಯ ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ವಾದಿಸಿದೆ. ನನ್ನ ಜೀವಮಾನದ ಅತ್ಯುತ್ತಮ ವಾದಗಳಲ್ಲಿ ಅದೊಂದು. ಅವನು ಮಧ್ಯದಲ್ಲಿ ಒಂದೇ ಒಂದು ಪ್ರಶ್ನೆ ಹಾಕಿದ.

"ಅಬೊಜಿ, ನಮ್ಮ ಕಾರ್ಖಾನೆ ಬಾಗಿಲ ಮೇಲೆ ಏನಂತ ಬರ್ದಿದೆ?"

ಅದು ವ್ಯಾಪಾರ ಎಂದೆ. "ನಂದೂ ವ್ಯಾಪಾರಾನೇ ಅಂದ್ಕೊಳ್ಳಿ," ಎಂದು ನಕ್ಕ. ನಾನು ನಗಲಿಲ್ಲ, ವಾದವನ್ನು ಮುಂದುವರಿಸಿದೆ. ಅವನು ಪೂರ್ತಿ ಕೇಳಿದ. ಎದ್ದು ನಿಂತು ನನಗೆ ತಲೆಬಾಗಿಸಿ, "ನೀವು ಗೆದ್ರಿ ಅಬೊಜಿ. ಆದ್ರೆ ಹೆಸರು ಇರ್ಲಿ," ಎಂದ. ಇಬ್ಬರೂ ಬಂದ ದಾರಿಯಲ್ಲೇ ಹಿಂತಿರುಗಿದೆವು. ಗೆದ್ದೂ ಬರಿಗೈಯಲ್ಲಿ ಬಂದ ಚರ್ಚೆ ಅದೊಂದೇ.

ಅವನು ಆಮೇಲೆ ಸಕಾಯಿಗೆ ಹೋಗಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಹಿಡಿದದ್ದು, ಹಬ್ಬಕ್ಕೆ ಮತ್ತು ಹಿರಿಯರಿಗೆ ಎಡೆಯಿಡುವ ದಿನಗಳಿಗೆ ಮಾತ್ರ ಬರುತ್ತಿದ್ದದ್ದು ನಿನಗೆ ತಿಳಿದೇ ಇದೆ. ಅಕ್ಟೋಬರಿನ ಆ ಬೆಳಿಗ್ಗೆ ಕೊಳದ ದಂಡೆಯಲ್ಲೇ ಕುಸಿದ. ಮಿದುಳಿನ ರಕ್ತನಾಳ ಒಡೆದಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದ, ಎಚ್ಚರವಾಗಲಿಲ್ಲ. ಕೊನೆಯಲ್ಲಿ ನಿನ್ನ ಅಮ್ಮ ಅವನ ಪಕ್ಕದಲ್ಲಿದ್ದಳು.

ಅಂತ್ಯಕ್ರಿಯೆಯ ವಿಷಯವನ್ನು ನಿನಗೆ ಯಾರೂ ಹೇಳಿಲ್ಲವೆಂದು ನಿನ್ನ ಪತ್ರದಿಂದ ಊಹಿಸಿದೆ. ಅದನ್ನು ನಾನೇ ಹೇಳಬೇಕು.

ಇಕುನೊದ ಸಭಾಗೃಹ ಆ ವಾರ ತೆರವಿರಲಿಲ್ಲವಾಗಿ ಸಕಾಯಿಯಲ್ಲೇ ಒಂದನ್ನು ಹಿಡಿದೆವು. ಅಲ್ಲಿಯ ಕೆಲಸದವನು ಬಾಗಿಲ ಫಲಕಕ್ಕೆ ಯಾವ ಹೆಸರು ಬರೆಸಬೇಕೆಂದು ವಿನಯದಿಂದಲೇ ಕೇಳಿದ. ಅವನ ಕೈಯಲ್ಲಿದ್ದ ಮರಣದ ಕಾಗದದಲ್ಲಿ ಹುಟ್ಟಿನ ಹೆಸರೊಂದೇ ಇತ್ತು. ಮನುಷ್ಯ ಸತ್ತೊಡನೆ ಬಳಕೆಯ ಹೆಸರು ತಾನಾಗಿಯೇ ಅಳಿದುಹೋಗುತ್ತದೆ, ಅದಕ್ಕೆ ಪ್ರತ್ಯೇಕ ಅರ್ಜಿ ಬೇಕಿಲ್ಲವೆಂದು ವಾರ್ಡ್ ಕಚೇರಿಯ ಹೆಣ್ಣುಮಗಳು ಆ ಬೆಳಿಗ್ಗೆಯಷ್ಟೇ ನನಗೆ ತಿಳಿಸಿದ್ದಳು. ನಾನು ಹ್ಯೋನ್ ಎಂದು ಬರೆಸಿದೆ. ಬಾಗಿಲಲ್ಲಿ, ಒಳಗೆ, ರೈಲು ನಿಲ್ದಾಣದಿಂದ ದಾರಿ ತೋರಿಸುವ ಕಂಬಗಳ ಮೇಲೆ, ಎಲ್ಲ ಕಡೆಯೂ ಅದೊಂದೇ. ನಿನ್ನ ಅಮ್ಮ ಏನೋ ಹೇಳಲು ಹೊರಟಳು. ಒಬ್ಬ ಮನುಷ್ಯನನ್ನು ಎರಡು ಹೆಸರಿನಲ್ಲಿ ಸುಡಲಾಗದು ಎಂದೆ.

ದರ್ಶನದ ಸಂಜೆ ನಮ್ಮ ಓಣಿಯವರು ಬಂದರು. ನಿನ್ನ ಸೋದರಮಾವ ಬಂದ. ಅಷ್ಟೇ. ಹಾಕಿಸಿದ್ದ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ ಉಳಿದವು. ಉಪ್ಪಿನಕಾಯಿ ಅಂಗಡಿಯ ಕೋ ಅಜ್ಜಿಗೆ ಸಾವಿನ ಮನೆಯಲ್ಲೂ ನಾಲಿಗೆ ನಿಲ್ಲುವುದಿಲ್ಲವೆಂಬುದು ನಿನಗೆ ಗೊತ್ತು. ಸುತ್ತ ನೋಡಿ, "ಇಷ್ಟು ದೊಡ್ಡ ಹಾಲ್ ಯಾಕೋ ಹಿಡ್ದೆ? ಹುಡುಗ ಒಬ್ಬನೇ ಕಾಲು ಚಾಚ್ಕೊಳ್ಳೋಕಾ?" ಎಂದು ಕೇಳಿದಳು. ಕೇಳಿದ ಮರುಕ್ಷಣವೇ ಕೈಚೀಲದಲ್ಲಿ ಕರವಸ್ತ್ರ ಹುಡುಕುತ್ತ ಅತ್ತಳು. ನಾನು ಅವಳ ಮೇಲೆ ಸಿಟ್ಟಾಗಲಿಲ್ಲ. ಅವಳು ಕೇಳಿದ್ದು ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ. ಹತ್ತು ವರ್ಷ ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದವನನ್ನು ಕಳಿಸಿಕೊಡಲು ಊರಿನಿಂದ ಒಬ್ಬರೂ ಬಾರದಿರುವುದು ಹೇಗೆ?

ಉತ್ತರ ನನಗೆ ಬೇಗನೆ ಹೊಳೆಯಿತು. ಹೊಳೆದ ಉತ್ತರ ನನಗೆ ಹಿಡಿಸಿತು ಕೂಡ. ಮನೆಯ ಯಜಮಾನನಾಗಿ ಬಂದವರಿಗೆ ವಂದನೆ ಹೇಳಬೇಕಾದ ಹೊತ್ತು ಬಂದಾಗ ನಾನು ಎದ್ದು ನಿಂತು ವಂದನೆಗೆ ಬದಲು ಭಾಷಣ ಮಾಡಿದೆ. ನನ್ನ ಮಗ ಈ ಊರಿನವರ ನಡುವೆ ಇವರು ಸಹಿಸಬಲ್ಲ ಹೆಸರಿನಲ್ಲಿ ಬದುಕಿದ, ಇಂದು ತನ್ನ ಹೆಸರಿನಲ್ಲಿ ಮಲಗಿದ್ದಾನೆ, ಹೆಸರು ಬದಲಾದೊಡನೆ ಕುರ್ಚಿಗಳು ಬರಿದಾದವು, ಇವರ ಸ್ನೇಹದ ಆಳ ಎಷ್ಟೆಂಬುದಕ್ಕೆ ಈ ಬರಿ ಕುರ್ಚಿಗಳೇ ಸಾಕ್ಷಿ ಎಂದೆ. ವಾಕ್ಯಗಳು ನಲವತ್ತು ವರ್ಷಗಳ ಹಿಂದಿನಂತೆಯೇ ಒಂದರ ಹಿಂದೊಂದು ಸಾಲಾಗಿ ಬಂದವು. ಓಣಿಯ ಗಂಡಸರು ತಲೆದೂಗಿದರು. ನಿನ್ನ ಸೋದರಮಾವ ಬಂದು ಕೈ ಹಿಡಿದು, ಸರಿಯಾಗಿ ಹೇಳಿದಿರಿ ಭಾವ ಎಂದ. ನಿನ್ನ ಅಮ್ಮ ಮಾತ್ರ ಶವಪೆಟ್ಟಿಗೆಯ ಕಡೆ ಮುಖ ಮಾಡಿಯೇ ಕುಳಿತಿದ್ದಳು.

ಅಸ್ಥಿ ಮನೆಗೆ ಬಂದು ಕೆಲವು ದಿನಗಳಾದ ಮೇಲೆ ಈಜುಶಾಲೆಯ ಮುಖ್ಯಸ್ಥರು, ಹತ್ತೋರಿ ಎಂಬುವರು, ಗಿಸುವಿನ ಬಟ್ಟೆಬರೆಗಳನ್ನು ಹಿಂತಿರುಗಿಸಲು ಬಂದರು. ಅರುವತ್ತರ ಹತ್ತಿರದ ಮನುಷ್ಯ, ಅಗಲ ಭುಜ, ಮೆದು ದನಿ. ಅಸ್ಥಿಯ ಮುಂದೆ ಊದುಬತ್ತಿ ಹಚ್ಚಿ ಕೈಮುಗಿದವರು ನಮ್ಮ ಕಡೆ ತಿರುಗಿದಾಗ ಮುಖ ಬಿಗಿದಿತ್ತು. ಚಹಾ ಮುಟ್ಟಲಿಲ್ಲ.

"ಒಂದು ಮಾತು ಕೇಳ್ಬೇಕು ಅಂತಾನೇ ಬಂದೆ," ಎಂದರು. "ನಾವು ಬರೋದು ಬೇಡ ಅಂತಿದ್ರೆ ಹಾಗಂತಾನೇ ಹೇಳ್ಬಹುದಿತ್ತು. ಮಕ್ಕಳನ್ನ ಕರ್ಕೊಂಡು ಬಂದಿದ್ವಿ."

ಎಲ್ಲಿಗೆ ಬಂದಿದ್ದಿರೆಂದು ನಿನ್ನ ಅಮ್ಮ ಕೇಳಿದಳು.

"ನೀವೇ ಫೋನಲ್ಲಿ ಹೇಳಿದ ಜಾಗಕ್ಕೆ. ನೊಬುಹಾರಾ ಅನ್ನೋರದ್ದು ಇಲ್ಲಿ ಯಾವುದೂ ಇಲ್ಲ ಅಂದ್ಬಿಟ್ರು. ಆವತ್ತು ಅಲ್ಲಿ ಎರಡೇ ಮನೆಯೋರದ್ದು ಇದ್ದದ್ದು. ಒಂದು ಕಿತಾನೊ ಅಂತ. ಇನ್ನೊಂದು ಯಾರೋ ಹೊರದೇಶದೋರದ್ದು."

ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಮ್ಮ ಉತ್ತರಿಸಿದಳು.

"ಆ ಹೊರದೇಶದೋರು ನಾವೇ."

ಹತ್ತೋರಿ ಅವರು ನಮ್ಮಿಬ್ಬರನ್ನೂ ನೋಡಿದರು, ಆಮೇಲೆ ಅಸ್ಥಿಯ ಪಾತ್ರೆಯ ಮುಂದಿದ್ದ ಹೆಸರಿನ ಹಲಗೆಯನ್ನು ನೋಡಿದರು. ಅಲ್ಲಿ ಹ್ಯೋನ್ ಗಿಸು ಎಂದಿತ್ತು. ಒಳಬರುವಾಗ ಅದನ್ನು ಅವರು ಸತ್ತವರಿಗೆ ಬೌದ್ಧ ಗುಡಿಯವರು ಇಡುವ ಯಾವುದೋ ಧರ್ಮನಾಮ ಎಂದುಕೊಂಡಿದ್ದರಂತೆ. ಹತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದವನು ಕೊರಿಯಾದವನೆಂದು ಅವರಿಗೆ ಗೊತ್ತೇ ಇರಲಿಲ್ಲ. ಈಜುಶಾಲೆಯ ಕಾಗದಗಳಲ್ಲೆಲ್ಲ ಬಳಕೆಯ ಹೆಸರೇ ಇತ್ತು. ಅವನು ಮುಚ್ಚಿಟ್ಟನೋ, ಹೇಳುವ ಸಂದರ್ಭ ಬರಲಿಲ್ಲವೋ, ಅದನ್ನು ಇನ್ನು ಯಾರೂ ತೀರ್ಮಾನಿಸಲಾರರು. ಅವರು ಚಾಪೆಗೆ ಹಣೆ ತಾಗುವಂತೆ ಬಾಗಿ ಬಹಳ ಹೊತ್ತು ಏಳಲಿಲ್ಲ. ತಪ್ಪು ಅವರದಲ್ಲ, ಏಳಬೇಕೆಂದು ನಾನು ಹೇಳಬೇಕಿತ್ತು. ನನ್ನ ಭಾಷಣದ ಕೊನೆಯ ವಾಕ್ಯ ಅದೇ ಹೊತ್ತಿಗೆ ನನ್ನ ಕಿವಿಗೆ ಬರುತ್ತಿತ್ತು. ನಿನ್ನ ಅಮ್ಮನೇ ಅವರನ್ನು ಎಬ್ಬಿಸಿದಳು.

ಆ ಸಂಜೆ ಬಂದದ್ದು ಹೇಗೆಂದು ಅವರು ಆಮೇಲೆ ನಿಧಾನವಾಗಿ ಹೇಳಿದರು. ಮಕ್ಕಳೆಲ್ಲ ಶಾಲೆಯ ಸಮವಸ್ತ್ರ ತೊಟ್ಟು, ತಾಯಂದಿರು ಕಪ್ಪುಡುಗೆ ಉಟ್ಟು ನಿಲ್ದಾಣದಿಂದ ನಡೆದು ಬಂದಿದ್ದರು. ನೊಬುಹಾರಾ ಎಂಬ ಬಾಣದ ಗುರುತು ಎಲ್ಲೂ ಕಾಣದೆ ಒಂದು ಸುತ್ತು ಹೆಚ್ಚಾಗಿಯೇ ನಡೆದರು. ಸಭಾಗೃಹದ ಬಾಗಿಲಲ್ಲಿ ಇಲ್ಲವೆನಿಸಿಕೊಂಡ ಮೇಲೆ ಬೇರೆರಡು ಸಭಾಗೃಹಗಳಿಗೂ ಹೋಗಿ ವಿಚಾರಿಸಿದರು. ಗಿಸುವಿನ ಫೋನಿಗೆ ಕರೆ ಮಾಡಿದರು. ಆ ಫೋನು ನಿನ್ನ ಅಮ್ಮನ ಕೈಚೀಲದಲ್ಲಿ ಸದ್ದಡಗಿಸಿಕೊಂಡು ಬಿದ್ದಿತ್ತು. ಕೊನೆಗೆ ಮನೆಯವರಿಗೆ ನಾವು ಬೇಡವಾಗಿರಬೇಕು ಎಂದುಕೊಂಡು ಚಿಕ್ಕವರನ್ನು ರೈಲು ಹತ್ತಿಸಿದರು. ಇಕುನೊದ ಸಭಾಗೃಹವಾಗಿದ್ದರೆ ಬಾಗಿಲ ಬಳಿ ಕುಳಿತವಳೇ "ನಿಮ್ಮವರಿಗೆ ಇನ್ನೊಂದು ಹೆಸರಿತ್ತೇ?" ಎಂದು ಕೇಳುತ್ತಿದ್ದಳು. ಸಕಾಯಿಯವನಿಗೆ ಹಾಗೆ ಕೇಳಬೇಕೆಂದು ಯಾರು ಹೇಳಿಕೊಟ್ಟಾರು? ಅವನು ತನ್ನ ಎದುರಿಗಿದ್ದುದನ್ನು ಓದಿ ಹೇಳಿದ. ಅವನು ಹೇಳಿದ್ದು ನಿಜವೇ.

ಅವರು ಹೋದ ಮೇಲೆ ನಾನು ನಿನ್ನ ಅಮ್ಮನನ್ನು ಕೇಳಿದೆ, ಫೋನಿನಲ್ಲಿ ಜಾಗ ಹೇಳಿದವಳು ಹೆಸರನ್ನು ಏಕೆ ಹೇಳಲಿಲ್ಲ ಎಂದು. ದನಿ ಏರಿಸಲಿಲ್ಲ. ಅವಳೂ ಏರಿಸಲಿಲ್ಲ.

"ನನ್ನ ಮಗನ ಹೆಸರು ಅವರಿಗೆ ಗೊತ್ತಿತ್ತಲ್ಲ. ಗೊತ್ತಿಲ್ಲದೆ ಇದ್ದದ್ದು ನೀವು ಬರೆಸಿದ ಹೆಸರು," ಎಂದಳು.

ಮುಂದಿನ ವಾರ ಹತ್ತೋರಿ ಅವರು ಫೋನ್ ಮಾಡಿದರು. ಮಕ್ಕಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದರಂತೆ. ಮಕ್ಕಳ ಪಾಲಿಗೆ ಅವನು ನೊಬು ಮೇಷ್ಟ್ರು. ಮೇಷ್ಟ್ರ ನಿಜವಾದ ಹೆಸರು ಬೇರೆ ಇತ್ತು ಎಂದು ಅವರು ಹೇಳುತ್ತಿರುವಾಗಲೇ ಒಬ್ಬ ಹುಡುಗಿ ನಡುವೆ ಬಾಯಿ ಹಾಕಿ, ಅದು ಹೇಗಾಗುತ್ತದೆ, ನಾವು ನೊಬು ಮೇಷ್ಟ್ರೇ ಅಂದಾಗ ಅವರು ನೀರೊಳಗಿದ್ದರೂ ತಿರುಗಿ ನೋಡುತ್ತಿದ್ದರಲ್ಲ ಎಂದಳಂತೆ. ಇದಕ್ಕೆ ಏನು ಹೇಳಲಿ ಎಂದು ಅವರು ನನ್ನನ್ನೇ ಕೇಳಿದರು. ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಿಸಿದ ಯಾವ ವಾದಿಯೂ ನನ್ನನ್ನು ಹಾಗೆ ನಿಲ್ಲಿಸಿರಲಿಲ್ಲ. ವಿಚಾರ ಮಾಡಿ ಹೇಳುತ್ತೇನೆಂದು ಫೋನ್ ಇಟ್ಟೆ. ಇನ್ನೂ ಹೇಳಿಲ್ಲ.

ಈಗ ನಿನ್ನ ಕೋರಿಕೆ. ನಿನ್ನ ಪಕ್ಷವನ್ನು ನಿನಗಿಂತ ಬಲವಾಗಿ ನಾನೇ ಮಂಡಿಸಬಲ್ಲೆ. ಹೆಸರಿರುವುದು ಕರೆಯುವುದಕ್ಕೆ. ಕರೆದವರು ಯಾವ ಹೆಸರಿನಿಂದ ಕರೆದರೋ ಅದೇ ಹೆಸರು. ಸತ್ತವನಿಗೆ ತನ್ನ ಹೆಸರನ್ನು ಓದಿಕೊಳ್ಳಬೇಕಾದ ಅಗತ್ಯವಿಲ್ಲ, ಬದುಕಿರುವವರು ಓದಿ ಅವನನ್ನು ಗುರುತಿಸಬೇಕು. ಆ ಮಕ್ಕಳು ದೊಡ್ಡವರಾಗಿ ಎಂದಾದರೂ ಇಕೊಮಾ ಬೆಟ್ಟ ಹತ್ತಿ ಬಂದರೆ ಎರಡನೆಯ ಬಾರಿಯೂ ಅವರನ್ನು ಬಾಗಿಲಿನಿಂದ ಹಿಂದೆ ಕಳಿಸುವುದು ಕ್ರೌರ್ಯ. ಈ ವಾದದಲ್ಲಿ ನಾನು ಬಿರುಕು ಕಾಣೆ.

ಇನ್ನು ಎದುರು ಪಕ್ಷ. ಆ ಸಮಾಧಿಯಲ್ಲಿ ನನ್ನ ಅಪ್ಪ, ಅವ್ವ ಇದ್ದಾರೆ. ಕಲ್ಲಿನ ಬದಿಯಲ್ಲಿ ಅವರ ಹಳ್ಳಿಯ ಹೆಸರಿದೆ. ಬದುಕಿರುವ ತನಕ ಪ್ರತಿಯೊಬ್ಬರ ಮುಂದೂ ಇನ್ನೊಂದು ಹೆಸರಿನಲ್ಲಿ ತಲೆಬಾಗಿಸಿದವರಿಗೆ ತಮ್ಮ ಹೆಸರನ್ನು ತಾವೇ ಹೊದ್ದು ಮಲಗಲು ಸಿಕ್ಕ ಒಂದೇ ಒಂದು ಸ್ಥಳ ಅದು. ಅಲ್ಲಿಗೂ ನೊಬುಹಾರಾ ಬಂದರೆ ಹ್ಯೋನ್ ಎಂಬುದು ಉಳಿಯುವುದೆಲ್ಲಿ? ನನ್ನ ನಂತರ ಆ ಹೆಸರನ್ನು ಹೊರಬೇಕಾಗಿದ್ದವನು ಇವನೊಬ್ಬನೇ. ಇವನಿಗೆ ಮಕ್ಕಳಿಲ್ಲ. ನಿನ್ನ ಮಗು ಶಿರಾಯಿ ಮನೆತನದ್ದು. ಆದ್ದರಿಂದ ಇದು ಗಿಸುವಿನ ಕಲ್ಲು ಮಾತ್ರವಲ್ಲ, ಆ ಹೆಸರಿನದೇ ಕಲ್ಲು. ಅದನ್ನು ಬೇರೆ ಹೆಸರಿನಿಂದ ಮುಚ್ಚಲು ನಾನು ಒಪ್ಪಲಾರೆ.

ಎರಡನ್ನೂ ಕೆತ್ತಿಸಬಹುದಲ್ಲ ಎನ್ನುವೆ. ಉಎದಾ ಕೂಡ ಹಾಗೆಯೇ ಹೇಳಿದ, ಈ ಬೆಟ್ಟದ ಮೇಲೆ ನಿಮ್ಮವರ ಕಲ್ಲುಗಳಲ್ಲಿ ಎಷ್ಟೋ ಹಾಗೇ ಇವೆ ಎಂದ. ಎರಡು ಪಕ್ಷಗಳಿಗೂ ಸಮನಾಗಿ ಅಂಕ ಕೊಟ್ಟು ಮನೆಗೆ ಕಳಿಸುವ ತೀರ್ಪುಗಾರರನ್ನು ನಾನು ಎಂದೂ ಗೌರವಿಸಿದವನಲ್ಲ. ಎರಡು ಹೆಸರುಗಳ ನಡುವೆ ಓಡಾಡಿದ್ದು ಬದುಕಿರುವಾಗಲೇ ಸಾಕಾಯಿತು.

ನಿನ್ನ ಅಮ್ಮನನ್ನು ಕೇಳಿದೆ. ಅಡುಗೆಮನೆಯ ನೆಲದ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಚಳಿಗಾಲದ ಕಿಮ್ಚಿ ಹಾಕುವ ಕಾಲ. ಈ ವರ್ಷ ತಿನ್ನುವವರಿಲ್ಲದಿದ್ದರೂ ಪ್ರತಿವರ್ಷದಷ್ಟೇ ಎಲೆಕೋಸು ತರಿಸಿದ್ದಾಳೆ. ತಲೆಯೆತ್ತದೆ ಹೇಳಿದಳು: "ಯಾವುದಾದ್ರೂ ಕೆತ್ತಿಸಿ. ಕರೆದ್ರೆ ಬರ್ತಾನೇನು?"

ಹೀಗೆ, ಉಭಯ ಪಕ್ಷಗಳನ್ನೂ ಕೇಳಿದ ಮೇಲೆ ನನ್ನ ತೀರ್ಪು ಇದು. ಕಲ್ಲಿನ ಮೇಲೆ ಹ್ಯೋನ್ ಗಿಸು ಎಂದಿರುತ್ತದೆ. ಬೇರೇನೂ ಇರುವುದಿಲ್ಲ. ನಿನಗೆ ನೋವಾಗುತ್ತದೆ ಎಂದು ಬಲ್ಲೆ. ನೋವಾಗದಂಥ ಹೆಸರನ್ನು ನಮ್ಮ ಮನೆತನಕ್ಕೆ ಯಾರೂ ಕೊಡಲಿಲ್ಲ.

ನಿನ್ನ ಮಗುವಿಗೆ ಸೋತಾ ಎಂದು ಹೆಸರಿಟ್ಟಿರುವಿರೆಂದು ತಿಳಿದೆ. ಅದು ಅವನ ಒಂದೇ ಹೆಸರು. ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಬ್ಯಾಂಕಿನಲ್ಲೂ ಅವನನ್ನು ಯಾರೂ ಇನ್ನೊಂದು ಹೆಸರು ಕೇಳುವುದಿಲ್ಲ. ಯಾವ ಬಾಗಿಲ ಫಲಕವನ್ನೂ ಅವನು ಎರಡು ಬಾರಿ ಓದಬೇಕಾಗಿಲ್ಲ. ಹುಟ್ಟಿದ ಹೆಸರಿನಲ್ಲೇ ಬೆಳೆಯಲಿ, ಅದೇ ಹೆಸರಿನಲ್ಲಿ ಮುದುಕನಾಗಲಿ ಎಂದು ಅವನ ತಾತ ಹರಸುತ್ತಾನೆ. ನಿನ್ನ ಆರೋಗ್ಯದ ಕಡೆ ಗಮನವಿರಲಿ. ಶಿರಾಯಿಗೆ ನನ್ನ ನಮಸ್ಕಾರ. ಅವನು ಸಭ್ಯ. ಅವನೊಡನೆ ಮಾತಾಡಿ ನಾನು ಒಮ್ಮೆಯೂ ಗೆದ್ದಿಲ್ಲ, ಅವನು ಎಲ್ಲದಕ್ಕೂ ಒಪ್ಪಿಬಿಡುತ್ತಾನೆ.

ಸದಾ ನಿನ್ನ ಒಳಿತನ್ನೇ ಬಯಸುವ ತಂದೆ,
ಹ್ಯೋನ್ ಯೋಂಗ್‌ಗಿಲ್

ಪುನಶ್ಚ: ಪತ್ರ ಮುಗಿಸಿ, ಲಕೋಟೆ ಅಂಟಿಸದೆ ಮೇಜ ಮೇಲೆ ಬಿಟ್ಟಿದ್ದೆ. ಇಂದು ಮತ್ತೆ ಓದಿದೆ. ವಾದದಲ್ಲಿ ತಪ್ಪಿಲ್ಲ. ಆದರೂ ಉಎದಾನಿಗೆ ಫೋನ್ ಮಾಡಲು ನನ್ನಿಂದ ಆಗಲಿಲ್ಲ. ನೀನೇ ಮಾಡು. ಅವನ ಅಂಗಡಿಯ ಸಂಖ್ಯೆಯನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ನಿನಗೆ ತೋಚಿದ ಹೆಸರು ಹೇಳು, ಅದನ್ನೇ ಕೆತ್ತಲಿ, ನಾನು ಅಡ್ಡ ಬರುವುದಿಲ್ಲ. ಕೊಟ್ಟ ತೀರ್ಪನ್ನು ಕಾರಣ ಹೇಳದೆ ಹಿಂತೆಗೆದುಕೊಳ್ಳುವುದು ನನ್ನ ಪದ್ಧತಿಯಲ್ಲ. ಕಾರಣ ಇದು.

ಆಸ್ಪತ್ರೆಯ ಎರಡನೆಯ ದಿನ ಮಧ್ಯಾಹ್ನ ದಾದಿಯೊಬ್ಬಳು ನಮ್ಮನ್ನು ಹಾಸಿಗೆಯ ಹತ್ತಿರಕ್ಕೆ ಕರೆದು, "ಹೆಸರು ಹಿಡಿದು ಕರೀತಾ ಇರಿ. ಕಿವಿ ಕೊನೇವರೆಗೂ ಕೇಳಿಸ್ಕೊಳ್ಳತ್ತೆ," ಎಂದಳು. ನಾನು ಗಿಸು ಎಂದು ಕರೆದೆ. ಪಕ್ಕದ ಯಂತ್ರದಲ್ಲಿ ಅವನ ನಾಡಿಬಡಿತದ ಅಂಕಿ ಏರಿತು. ದಾದಿಯ ಮುಖ ಅರಳಿತು, ಅವರಿಗೆ ಕೇಳಿಸುತ್ತಿದೆ ಎಂದಳು. ಮತ್ತೆ ಕರೆದೆ, ಮತ್ತೆ ಏರಿತು. ಮಗ ನನ್ನ ದನಿಯನ್ನು ಗುರುತಿಸಿದನೆಂದು ನನಗಾದ ಸಂತೋಷವನ್ನು ನಿನಗೆ ಹೇಗೆ ವಿವರಿಸಲಿ? ಇನ್ನೂ ಬಾಗಿ, ಇನ್ನೂ ಗಟ್ಟಿಯಾಗಿ ಕರೆದೆ. ಯಂತ್ರ ಕೂಗತೊಡಗಿತು. ಆಗ ನಿನ್ನ ಅಮ್ಮ ನನ್ನನ್ನು ಬದಿಗೆ ಸರಿಸಿ, ಅವನ ಕಿವಿಯ ಹತ್ತಿರ ಮೊಟೊಕಿ, ಮೊಟೊಕಿ ಎಂದಳು. ಅಂಕಿ ಇಳಿಯಿತು. ಇಳಿದು, ನಿದ್ದೆಹೋದ ಮಗುವಿನದರಂತೆ ಒಂದೇ ಸಮ ನಿಂತಿತು.

ಹ್ಯಾಂಗ್ಮಿ, ಗಿಸು ಎಂಬ ಹೆಸರಿನಿಂದ ಅವನನ್ನು ಇಡೀ ಬಾಳಿನಲ್ಲಿ ಕರೆದವನು ನಾನೊಬ್ಬನೇ. ಹಿರಿಯರ ಎಡೆಯ ಮುಂದೆ ಅಡ್ಡಬೀಳು ಎನ್ನಲು ಕರೆಯುತ್ತಿದ್ದೆ, ತಪ್ಪು ಮಾಡಿದಾಗ ಎದುರಿಗೆ ನಿಲ್ಲಿಸಿಕೊಳ್ಳಲು ಕರೆಯುತ್ತಿದ್ದೆ. ನಿನ್ನ ಅಮ್ಮ, ಗೆಳೆಯರು, ಆ ಮಕ್ಕಳು, ಅವನನ್ನು ಊಟಕ್ಕೂ ಆಟಕ್ಕೂ ಕರೆದವರೆಲ್ಲ ಕರೆದದ್ದು ಇನ್ನೊಂದು ಹೆಸರಿನಿಂದ.

ದಾದಿ ನನ್ನ ಮುಖ ನೋಡದೆ, ರೋಗಿಗೆ ಆಯಾಸವಾಗುತ್ತಿದೆ, ತಂದೆಯವರು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲಿ ಎಂದಳು. ನಾನು ಹೊರಗೆ ಬಂದು ಬಾಗಿಲ ಪಕ್ಕದಲ್ಲಿ ನಿಂತೆ. ಒಳಗೆ ನಿನ್ನ ಅಮ್ಮ ಕರೆಯುವುದು ಕೇಳಿಸುತ್ತಿತ್ತು. ಆ ಹೆಸರನ್ನು ನಾನೂ ಒಮ್ಮೆ ಹೇಳೋಣವೆಂದು ಬಾಯಿ ತೆರೆದೆ. ಮೂವತ್ತನಾಲ್ಕು ವರ್ಷ ಉಚ್ಚರಿಸದೆ ಉಳಿಸಿಕೊಂಡ ಹೆಸರು, ನಾಲಿಗೆ ಹೊರಳಲಿಲ್ಲ. ಬಾಗಿಲಿಗೆ ಕೈ ಊರಿ ಇನ್ನೊಮ್ಮೆ ಪ್ರಯತ್ನಿಸಿದೆ. ಅಷ್ಟರಲ್ಲಿ ಒಳಗೆ ನಿನ್ನ ಅಮ್ಮ ಕರೆಯುವುದನ್ನು ನಿಲ್ಲಿಸಿದ್ದಳು.